ಗೋಡೆಯ ಮೇಲಿನ ಸೊನ್ನೆ

"ಮನೇಲಿ ನೀರು ಕಾಯಿಸಿ ಕುಡೀತೀರಾ?" ಎಂದು ಡಾಕ್ಟರಮ್ಮ ನನ್ನ ಸೊಸೆಯನ್ನು ಕೇಳಿದರು. ಮಾತು ನನಗೆ ಕೇಳಿಸಲಿಲ್ಲ. ತುಟಿ ನೋಡಿ ಅರ್ಥ ಮಾಡಿಕೊಂಡೆ. ಸೊಸೆ ತಲೆಯೆತ್ತಿ ನನ್ನನ್ನು ನೋಡಿದಳು. ಎಂಟು ವರ್ಷ ಒಂದೇ ಒಲೆಯ ಮುಂದೆ ನಿಂತು ಅಡುಗೆ ಮಾಡಿದ್ದೇವೆ, ಜಗಳವಾಡಿದ್ದೇವೆ, ನಕ್ಕಿದ್ದೇವೆ. ಅವಳು ನನ್ನನ್ನು ಹಾಗೆ ನೋಡಿದ್ದು ಅವತ್ತೇ ಮೊದಲು.

"ಇಲ್ಲ, ಕಾಯಿಸಲ್ಲ," ಎಂದು ನಾನೇ ಹೇಳಿದೆ.

ಹಾಸಿಗೆಯ ಮೇಲೆ ಆರು ವರ್ಷದ ಮೊಮ್ಮಗಳು ಮಲಗಿದ್ದಳು. ಎರಡು ದಿನದ ವಾಂತಿಭೇದಿಗೆ ಮಗು ಅರ್ಧಕ್ಕರ್ಧ ಇಳಿದುಹೋಗಿತ್ತು. ಕಣ್ಣು ಗುಳಿ ಬಿದ್ದಿದ್ದವು, ತುಟಿ ಒಣಗಿ ಸಿಪ್ಪೆ ಏಳುತ್ತಿತ್ತು, ಕೈಗೆ ಡ್ರಿಪ್ ಹಾಕಿದ್ದರು. ಪಕ್ಕದ ಹಾಸಿಗೆಯಲ್ಲಿ ಹಿಂದಿನ ಸಂಜೆಯವರೆಗೂ ನಮ್ಮ ಬೀದಿಯ ಹೊಲಿಗೆಯವಳ ಮಗಳಿದ್ದಳು. ಇಬ್ಬರದೂ ಒಂದೇ ತರಗತಿ, ಒಂದೇ ಬೆಂಚು. ಬೆಳಿಗ್ಗೆ ಬಂದು ನೋಡಿದರೆ ಆ ಹಾಸಿಗೆಗೆ ಒಗೆದ ಬೆಡ್‌ಶೀಟ್ ಹಾಸಿದ್ದರು. ಬೇರೆ ವಾರ್ಡಿಗೆ ಕಳಿಸಿರಬೇಕೆಂದು ನರ್ಸನ್ನು ಕೇಳಿದೆ. ಅವಳು ನನ್ನ ಮುಖ ನೋಡಲಾರದೆ ತಲೆಯಲ್ಲಾಡಿಸಿದಳು.

ಡಾಕ್ಟರಮ್ಮನ ಮಾತು ಕೇಳಲು ನಾನು ಅವರ ಮೈಮೇಲೆಯೇ ಬಾಗಿದೆ. "ನೀರಿಂದಾನೇ ಬಂದಿರೋದು," ಎಂದರು. "ನಿಮ್ಮ ಬೀದಿಯೊಂದರಿಂದಾನೇ ಹನ್ನೊಂದು ಜನ ಬಂದಿದ್ದಾರೆ. ಅಲ್ಲಿ ನೀರು ಸರಿಹೋಗ್ದೇ ಇದ್ರೆ ನಾವಿಲ್ಲಿ ಬಾಟ್ಲಿ ಮೇಲೆ ಬಾಟ್ಲಿ ಏರಿಸಿ ಏನು ಪ್ರಯೋಜನ ಹೇಳಿ?"

ಅವತ್ತು ನಮ್ಮ ಬೀದಿಗೆ ನೀರು ಬರುವ ದಿನ. ದಿನ ಬಿಟ್ಟು ದಿನ ಬರುತ್ತದೆ, ಸಂಜೆ ನಾಲ್ಕರಿಂದ ಆರರವರೆಗೆ. ನಾಲ್ಕು ಗಂಟೆಯೊಳಗೆ ಏನಾದರೂ ಮಾಡದಿದ್ದರೆ ಇನ್ನೂರು ಮನೆಯವರು ಮತ್ತೆ ಅದನ್ನೇ ತುಂಬಿಸಿಕೊಂಡು ಕುಡಿಯುತ್ತಿದ್ದರು. ನಾಳೆ ಇನ್ನೆಷ್ಟು ಬೆಡ್‌ಶೀಟ್ ಬದಲಾಗುತ್ತವೋ!

ಇದರಲ್ಲಿ ನನ್ನ ಪಾಲೇನು ಎಂದು ಹೇಳಬೇಕಾದರೆ ನನ್ನ ಕೆಲಸ ಏನೆಂದು ಹೇಳಬೇಕು. ಕೇಳಿದವರು ನಗುತ್ತಾರೆ. ನೀರು ಸರಬರಾಜು ಕಚೇರಿಯಲ್ಲಿ ನನ್ನದು ಕಿವಿಗೊಡುವ ಕೆಲಸ. ಎದೆಮಟ್ಟದ ಉಕ್ಕಿನ ಕೋಲು, ಅದರ ತಲೆಗೆ ತಿರುಪು ಹಾಕಿ ಕೂರಿಸಿದ ಪುಟ್ಟ ಹಿತ್ತಾಳೆ ಬಟ್ಟಲು. ಕೋಲಿನ ತುದಿಯನ್ನು ಪ್ರತಿ ಮನೆಯ ಮುಂದೆ ನೆಲದಿಂದ ಮೇಲೆದ್ದಿರುವ ನಲ್ಲಿಕೊಳವೆಯ ಮೇಲೆ ಊರಿ ಬಟ್ಟಲಿಗೆ ಕಿವಿಯಿಟ್ಟರೆ, ಮಣ್ಣಿನಡಿಯ ದೊಡ್ಡ ಕೊಳವೆಯ ಸುದ್ದಿಯೆಲ್ಲ ಮೇಲೆ ಬರುತ್ತದೆ. ಗಟ್ಟಿಮುಟ್ಟಾದ ಕೊಳವೆ ತಣ್ಣಗಿರುತ್ತದೆ. ಬಿರುಕು ಬಿಟ್ಟದ್ದು ಸುಯ್ಯೆನ್ನುತ್ತದೆ, ಅಂಥ ಕಡೆ ಮೋರಿಯ ಕೊಳಕೂ ನೀರಿಗೆ ಸೇರಬಹುದು. ಕೇಳಿದ ಮೇಲೆ ಆ ಮನೆಯ ಗೋಡೆಗೆ ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಸೋರಿಕೆ ಇಲ್ಲದಿದ್ದರೆ ಸೊನ್ನೆ, ಇದ್ದರೆ ಕತ್ತರಿ ಗುರುತು.

ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಗೋಡೆಗೆ ಬಣ್ಣ ಹೊಡೆಸುವವರು ನನ್ನ ಸೊನ್ನೆಯನ್ನು ಬಿಟ್ಟು ಸುತ್ತ ಹೊಡೆಸುತ್ತಿದ್ದರು. ಬಾಡಿಗೆಗೆ ಮನೆ ನೋಡಲು ಬಂದವರು ಒಳಗೆ ಕಾಲಿಡುವ ಮೊದಲು ಗೋಡೆ ನೋಡುತ್ತಿದ್ದರು. ಬೀದಿಯವರು ನನಗಿಟ್ಟ ಹೆಸರು ಕಿವಿಯಮ್ಮ. ವಾಲ್ವ್ ತಿರುಗಿಸುವ ಚಾವಿಯಣ್ಣ ಮಾತ್ರ ಬಟ್ಟಲನ್ನು ತೋರಿಸಿ, "ಅಕ್ಕಂದು ಮೊದಲಿಂದ್ಲೂ ಹಿತ್ತಾಳೆ ಕಿವಿ, ಚಾಡಿ ಹೇಳಿದ್ರೆ ಸಾಕು ನಂಬ್ಬಿಡ್ತಾರೆ," ಎಂದು ಕಾಡಿಸುತ್ತಿದ್ದ.

ಆ ಕಿವಿಯಮ್ಮನ ಕಿವಿ ಮಂದವಾಗಿ ಮೂರು ವರ್ಷವಾಗಿತ್ತು. ನಮ್ಮಮ್ಮನಿಗೂ ಇದೇ ವಯಸ್ಸಿಗೆ ಹೀಗೇ ಆಗಿತ್ತು. ಕೊನೆಕೊನೆಗೆ ಅವಳು ರೇಡಿಯೊದ ಮರದ ಪೆಟ್ಟಿಗೆಯ ಅಂಚಿಗೆ ಹಲ್ಲೂರಿ ಹಾಡು ಕೇಳುತ್ತಿದ್ದಳು. "ಅಮ್ಮ ರೇಡಿಯೊ ತಿಂತಿದ್ದಾಳೆ," ಎಂದು ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು. ನನ್ನ ಕಿವಿ ಹೋಗುತ್ತಿರುವುದು ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಲಾರಿ ಓಡಿಸುವ ಮಗ ವಾರಕ್ಕೊಮ್ಮೆ ಮನೆಗೆ ಬಂದಾಗ, "ಅಮ್ಮಂದು ಜಾಣಕಿವುಡು, ಬೇಕಾದ್ದು ಮಾತ್ರ ಕೇಳ್ಸುತ್ತೆ," ಎಂದು ರೇಗಿಸುತ್ತಿದ್ದ. ನಾನೂ ನಕ್ಕು ಹೌದೆನ್ನುತ್ತಿದ್ದೆ. ನಿಜವಾದ ಕಿವುಡಿ ಅನ್ನಿಸಿಕೊಳ್ಳುವುದಕ್ಕಿಂತ ಜಾಣಕಿವುಡಿ ಅನ್ನಿಸಿಕೊಳ್ಳುವುದು ವಾಸಿಯಲ್ಲವೇ? ಬೀದಿಯಲ್ಲಿ ಮಾತ್ರ ಎಂದಿನಂತೆ ಕೋಲು ಊರಿದೆ, ಕಿವಿಯಿಟ್ಟೆ, ಏನೂ ಕೇಳಿಸಲಿಲ್ಲ, ಸೊನ್ನೆ ಹಾಕಿದೆ. ಏನೂ ಕೇಳಿಸದಿದ್ದರೆ ಸೊನ್ನೆ ತಾನೆ? ಮೂರು ವರ್ಷ ಹಾಗೆಯೇ ನನಗೆ ನಾನೇ ಟೋಪಿ ಹಾಕಿಕೊಂಡೆ.

ಒಂಬತ್ತು ದಿನದ ಹಿಂದೆ ನಮ್ಮ ಬೀದಿಯನ್ನು ಮುಗಿಸಿದ್ದೆ. ಅದಾದ ನಾಲ್ಕನೆಯ ದಿನ ಸೊಸೆ ನೀರಿನ ಲೋಟ ಮೂಸಿ, "ಅತ್ತೆ, ನೀರು ಯಾಕೋ ವಾಸನೆ ಬರ್ತಿದೆ. ಮಗೂಗಾದ್ರೂ ಕಾಯಿಸಿ ಕೊಡ್ತೀನಿ," ಎಂದು ಪಾತ್ರೆಯನ್ನು ಒಲೆಗಿಟ್ಟಳು. ನನಗೆ ಮೈಯೆಲ್ಲ ಉರಿಯಿತು. "ಕಿವಿಯಮ್ಮನ ಮನೇಲೇ ನೀರು ಕಾಯಿಸಿದ್ರೆ ಬೀದಿಯವರು ನನ್ನ ಮುಖಕ್ಕೆ ಉಗೀತಾರೆ. ಹೊರಗೆ ಹೋಗಿ ಗೋಡೆ ನೋಡು," ಎಂದು ಪಾತ್ರೆಯನ್ನು ನಾನೇ ಇಳಿಸಿದೆ. ಅದೇ ದಿನ ಹೊಲಿಗೆಯವಳು ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಾಗಿಲಿಗೆ ಬಂದಿದ್ದಳು. "ಒಲೆ ಮೇಲೆ ನೀರಿಟ್ಟು ಬಂದಿದ್ದೀನಿ. ಕಾಯಿಸ್ಲಾ ಬೇಡ್ವಾ ಅಮ್ಮಾ? ನೀವು ಹೇಳಿದ್ ಹಾಗೆ ಮಾಡ್ತೀನಿ," ಎಂದಳು. "ಸುಮ್ನೆ ಗ್ಯಾಸ್ ಯಾಕೆ ಸುಡ್ತೀಯ, ನಾನಿಲ್ವಾ?" ಎಂದು ಬೆನ್ನು ತಟ್ಟಿ ಕಳಿಸಿದ್ದೆ.

ಆಸ್ಪತ್ರೆಯಿಂದ ನೆಟ್ಟಗೆ ಕಚೇರಿಗೆ ಓಡಿದೆ. ಎಂಜಿನಿಯರ್ ಸಾಹೇಬರು ನಿದ್ದೆಗೆಟ್ಟ ಮುಖ ಹೊತ್ತು ಕುಳಿತಿದ್ದರು. ಬೀದಿಯಲ್ಲಿ ಕಾಯಿಲೆ ಎಂದು ಹಿಂದಿನ ದಿನವೇ ತಿಳಿದು ಮೇಲಿನ ಟ್ಯಾಂಕನ್ನು ತೊಳೆಸಿ ಔಷಧಿ ಹಾಕಿಸಿದ್ದರು.

"ಸಾರ್, ಸಂಜೆ ನೀರು ಬಿಡ್ಬೇಡಿ. ನಮ್ಮ ಬೀದೀಲಿ ಕೊಳವೆ ಒಡೆದಿದೆ. ಮೋರಿ ನೀರು ಸೇರ್ತಿದೆ," ಎಂದೆ.

"ಯಾರು ಹೇಳಿದ್ದು?"

"ನಾನು ಹೇಳ್ತಿದ್ದೀನಿ."

ಅವರು ಕಡತ ತೆಗೆದು ನನ್ನ ಮುಂದಿಟ್ಟರು. "ಒಂಬತ್ತು ದಿನದ ಹಿಂದೆ ಸೋರಿಕೆ ಇಲ್ಲ ಅಂತ ನೀವೇ ಬರೆದು ಸಹಿ ಹಾಕಿದ್ದೀರಲ್ಲಮ್ಮ! ಅದನ್ನ ನಂಬಿಯೇ ನಾನು ಕೊಳವೆ ಕಡೆ ತಲೆ ಹಾಕ್ದೆ ಟ್ಯಾಂಕ್ ತೊಳೆಸಿದ್ದು. ಮೂವತ್ತು ವರ್ಷದಲ್ಲಿ ನೀವು ಒಂದ್ಸಲಾನೂ ತಪ್ಪಿಲ್ಲ."

ಆಗ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಒಂದು ಮಗು ಸತ್ತಿದೆ, ಇನ್ನೊಂದು ಸಾವಿನ ಬಾಗಿಲಲ್ಲಿದೆ, ನಾನು ಇನ್ನೂ ನನ್ನ ಹೆಸರನ್ನು ಸೆರಗಿನ ಗಂಟಿನ ಹಾಗೆ ಹಿಡಿದುಕೊಂಡು ನಿಂತಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಬಾಯಿಂದ ಬಂದದ್ದು, "ಇನ್ನೊಂದ್ಸಲ ಕೇಳಿ ನೋಡ್ತೀನಿ ಸಾರ್," ಎಂಬ ಮಾತು.

"ಕೇಳ್ಬೇಕಾದ್ರೆ ಕೊಳವೇಲಿ ನೀರು ತುಂಬಿರ್ಬೇಕಲ್ವಾ?" ಎಂದು ಸಾಹೇಬರು ಗಡಿಯಾರ ನೋಡಿದರು. "ಹನ್ನೆರಡಕ್ಕೆ ಅರ್ಧ ಗಂಟೆ ಬಿಡಿಸ್ತೀನಿ. ಜಾಗ ಸಿಕ್ಕಿದ್ರೆ ಅಗೆಸ್ತೀನಿ. ಸಿಗ್ದಿದ್ರೆ ನಾಲ್ಕಕ್ಕೆ ಬಿಡ್ಲೇಬೇಕು. ಎರಡು ದಿನದಿಂದ ಒಣಗಿ ಕೂತಿರೋ ಜನ ನನ್ನ ಏಳು ತಲೆಮಾರಿಗೂ ಬೈತಿದ್ದಾರೆ."

ಬೀದಿಯ ತುದಿಯಲ್ಲಿ ಚಾವಿಯಣ್ಣ ತನ್ನ ಉದ್ದನೆಯ ಕಬ್ಬಿಣದ ಚಾವಿಯನ್ನು ಹೆಗಲಿಗಿಟ್ಟು ಕಾಯುತ್ತಿದ್ದ. ಅವತ್ತು ತಮಾಷೆ ಮಾಡಲಿಲ್ಲ. ಎಂದಿನಂತೆ ನನ್ನ ಎಡಗಡೆಗೆ ಬಂದು ನಿಂತು, ಕಿವಿಯ ಹತ್ತಿರ ಬಾಯಿ ತಂದು ಹೇಳಿದ: "ಅಕ್ಕಾ, ನಿಮಗೆ ಕೇಳ್ಸಲ್ಲ ಅಂತ ನಂಗೆ ಗೊತ್ತು. ಎರಡು ವರ್ಷದಿಂದ ನಿಮ್ಮ ಎಡಗಡೇನೇ ನಿಂತು ಯಾಕೆ ಮಾತಾಡ್ತೀನಿ ಅಂದ್ಕೊಂಡ್ರಿ? ಬಲಗಡೆ ನಿಂತು ಬೈದ್ರೂ ನೀವು ತಿರುಗ್ತಿರಲಿಲ್ಲ."

"ಗೊತ್ತಿದ್ದೂ ಯಾಕೋ ಹೇಳ್ಲಿಲ್ಲ?"

"ನಿಮ್ಮ ಹೊಟ್ಟೆ ಮೇಲೆ ಹೊಡೀಲಾ? ಹೇಗೆ ಹೇಳೋದು ಅಕ್ಕಾ," ಎಂದು ಅವನು ಅತ್ತ ತಿರುಗಿದ.

ಇಬ್ಬರೂ ಸೇರಿ ಆ ಮಗುವನ್ನು ಕೊಂದಿದ್ದೆವು, ನಾನು ಜಂಬದಿಂದ, ಅವನು ದಾಕ್ಷಿಣ್ಯದಿಂದ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಮ್ಮ ಕಥೆಯೂ ಅದೇ.

ಹನ್ನೆರಡಕ್ಕೆ ಅವನು ಚಾವಿ ತಿರುಗಿಸಿದ. ಕೊಳವೆ ತುಂಬಿದ್ದು ಕಾಲಡಿಯಲ್ಲಿ ತಿಳಿಯಿತು. ಬೀದಿಗೂ ತಿಳಿಯಿತು. ನಲ್ಲಿಗಳು ಗಾಳಿ ಉಗುಳಿ ಸೀನುತ್ತಿದ್ದಂತೆಯೇ ಬಾಗಿಲುಗಳು ತೆರೆದವು. ಬಕೆಟ್ಟು, ಕ್ಯಾನು, ಪಾತ್ರೆ ಹಿಡಿದು ಜನ ಓಡಿ ಬಂದರು.

"ಹಿಡೀಬೇಡಿ! ನೀರು ಕೆಟ್ಟಿದೆ, ನಲ್ಲಿ ಮುಚ್ಚಿ!" ಎಂದು ಕೂಗಿದೆ. ಕುಡಿಯುವುದಂತೂ ವಿಷ, ಜೊತೆಗೆ ಇನ್ನೂರು ನಲ್ಲಿ ಒಟ್ಟಿಗೆ ಸುರಿದರೆ ಆ ಗದ್ದಲದಲ್ಲಿ ಬಿರುಕಿನ ಸದ್ದು ಮುಳುಗಿಹೋಗುತ್ತದೆ.

ನಮ್ಮ ಬೀದಿಯ ಬಡಗಿ ಬಕೆಟ್ಟನ್ನು ನಲ್ಲಿಯಡಿಗೆ ತಳ್ಳಿ ಗೋಡೆಯತ್ತ ಬೆರಳು ಮಾಡಿದ. "ಇದೇನಿದು? ಸೊನ್ನೆ ಅಲ್ವಾ? ನೀವೇ ಹಾಕಿದ್ದಲ್ವಾ?"

"ಒರೆಸ್ತೀನಿ, ತಾಳು," ಎಂದು ಸೀರೆಯ ಮೇಲೆ ತೊಟ್ಟಿದ್ದ ಕಚೇರಿಯ ಅಂಗಿಯ ತೋಳಿನಿಂದ ಗೋಡೆ ಉಜ್ಜಿದೆ. ಮುಂದಿನ ಮನೆಯದನ್ನೂ ಉಜ್ಜಿದೆ. ತೋಳೆಲ್ಲ ನೀಲಿಯಾಯಿತು. ಒಬ್ಬರೂ ನಲ್ಲಿ ಮುಚ್ಚಲಿಲ್ಲ. "ಕಿವಿಯಮ್ಮಂಗೆ ಮೊಮ್ಮಗಳ ಚಿಂತೇಲಿ ತಲೆ ಕೆಟ್ಟಿದೆ, ಪಾಪ," ಎಂದು ಯಾರೋ ಅಂದದ್ದು ಅವರ ತುಟಿಯಲ್ಲಿ ಕಂಡಿತು. ನಾನು ಬಡಗಿಯ ಬಕೆಟ್ಟನ್ನು ಕಾಲಿನಿಂದ ಒದ್ದು ಉರುಳಿಸಿದೆ. ನೀರು ಬೀದಿಗೆ ಹರಿಯಿತು. ಅವನು ನನ್ನ ರಟ್ಟೆ ಹಿಡಿದು, "ನೀರಿನ ಅನ್ನ ತಿನ್ನೋರು ನೀವು! ನೀರು ಚೆಲ್ತೀರಾ?" ಎಂದು ಅರಚಿದ. ಅವನ ಹಿಂದೆ ಅವನ ಪುಟ್ಟ ಮಗಳು ಆಗಲೇ ಲೋಟ ತುಂಬಿಕೊಂಡು ಬಾಯಿಗೆ ಎತ್ತುತ್ತಿದ್ದಳು.

"ನನಗೆ ಕಿವಿ ಕೇಳಲ್ಲ!" ಎಂದು ಕಿರುಚಿದೆ. "ಮೂರು ವರ್ಷದಿಂದ ಕೇಳಲ್ಲ! ಕೇಳ್ದೇನೇ ಸೊನ್ನೆ ಹಾಕ್ದೆ. ನಿಮ್ಮ ಗೋಡೆ ಮೇಲಿರೋದೆಲ್ಲ ಸುಳ್ಳು. ನಾನೇ ಸುಳ್ಳಿ! ಆ ಮಗು ಹೋಗಿದ್ದು ನನ್ನಿಂದ. ಕುಡೀಬೇಡ ಕಣೇ, ಇಡು, ಲೋಟ ಕೆಳಗಿಡು!"

ಬೀದಿ ನಿಶ್ಶಬ್ದವಾಯಿತೋ, ನನಗೆ ಕೇಳಿಸಲಿಲ್ಲವೋ ಗೊತ್ತಿಲ್ಲ. ಆಡುತ್ತಿದ್ದ ಬಾಯಿಗಳೆಲ್ಲ ನಿಂತದ್ದು ಮಾತ್ರ ಕಂಡಿತು. ಬಡಗಿ ನನ್ನ ರಟ್ಟೆ ಬಿಟ್ಟು ತಿರುಗಿ ಮಗಳ ಕೈಯಿಂದ ಲೋಟ ಕಿತ್ತುಕೊಂಡ. ಒಬ್ಬ ಮುದುಕ ನನ್ನ ಕಾಲ ಬಳಿ ಉಗುಳಿದ. ಎದುರುಮನೆಯಾಕೆ ಮೊದಲು ನಲ್ಲಿ ಮುಚ್ಚಿದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಮುಚ್ಚಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನದು ಹೋಗಿದ್ದು ಒಂದು ಲೋಟ ನೀರಿಗೆ, ಮತ್ತು ಆ ಹೊತ್ತಿನಲ್ಲಿ ನನಗೆ ಅದು ಬೇಕಾಗಿಯೂ ಇರಲಿಲ್ಲ.

ಇನ್ನು ಉಳಿದದ್ದು ಹದಿನೈದು ನಿಮಿಷ. ಕೋಲು ಊರಿ ಬಟ್ಟಲಿಗೆ ಎಡಗಿವಿ ಒತ್ತಿದೆ. ಏನೂ ಇಲ್ಲ. ಬಲಗಿವಿ ಒತ್ತಿದೆ. ಹತ್ತಿ ತುರುಕಿದ ಹಾಗೆ. ಮುಂದಿನ ಮನೆ, ಅದರ ಮುಂದಿನದು. ಕಿವಿ ನೋಯುವಷ್ಟು ಒತ್ತಿದರೂ ಕೊಳವೆ ಒಂದು ಮಾತೂ ಆಡಲಿಲ್ಲ. ಜನ ಗೋಡೆಗೊರಗಿ ನೋಡುತ್ತಿದ್ದರು. ಚಾವಿಯಣ್ಣ ಕೈಗಡಿಯಾರ ತೋರಿಸಿದ. ಇಷ್ಟೆಲ್ಲ ಮಾಡಿ, ಮರ್ಯಾದೆಯನ್ನು ಬೀದಿಗೆ ಚೆಲ್ಲಿ, ಕೊನೆಗೂ ನನ್ನಿಂದ ಏನೂ ಆಗುವುದಿಲ್ಲ ಎಂದು ಎದೆ ಒಡೆಯಿತು. ಕೋಲನ್ನು ತಬ್ಬಿ ನಿಂತು ಬಿಕ್ಕಿದೆ. ಬಿಕ್ಕುವಾಗ ಗದ್ದ ಬಟ್ಟಲಿಗೆ ತಗುಲಿ ಹಲ್ಲಿಗೆ ಜುಮ್ಮೆಂದಿತು.

ಅಮ್ಮ ರೇಡಿಯೊ ತಿನ್ನುತ್ತಿದ್ದದ್ದು ಆಗ ನೆನಪಾಯಿತು.

ತಿರುಪು ಬಿಚ್ಚಿ ಬಟ್ಟಲನ್ನು ಚಾವಿಯಣ್ಣನ ಕೈಗೆಸೆದೆ. ಬರಿಯ ಉಕ್ಕಿನ ತುದಿಯನ್ನು ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿದೆ. ಮೂರು ವರ್ಷದ ಮೇಲೆ ನೀರು ನನ್ನ ತಲೆಯೊಳಗೆ ಬಂತು. ದವಡೆಯಿಂದ ಏರಿ, ಕೆನ್ನೆಯ ಎಲುಬು ಹಿಡಿದು, ಕಿವಿಯನ್ನು ಬಿಟ್ಟು ಬೇರೆ ದಾರಿಯಲ್ಲಿ ಬಂತು. ಅಲ್ಲಿ ಸೋರಿಕೆ ಇರಲಿಲ್ಲ, ತುಂಬಿದ ಕೊಳವೆಯ ಸಣ್ಣ ಗುಂಯ್ ಅಷ್ಟೆ. ಆದರೆ ಅದು ಕೇಳಿಸಿತು. ಮುಂದಕ್ಕೆ ಓಡಿದೆ. ಮುಂದಿನ ಮನೆಯಲ್ಲಿ ಸದ್ದು ತುಸು ಹೆಚ್ಚಿತ್ತು. ಅದರ ಮುಂದೆ ಇನ್ನೂ ಹೆಚ್ಚಿತ್ತು. ಮುಂದಿನ ಕೋಣೆಯ ಅಂಗಡಿಗೆ ಅಗುಳಿ ಹಾಕಿದ್ದ, ಬಾಗಿಲ ಮುಂದೆ ರಾಶಿ ಚಪ್ಪಲಿಗಳಿದ್ದ ಮನೆಯ ಬಳಿ ಕಚ್ಚಿದಾಗ ಹಲ್ಲು ಉದುರಿಬೀಳುವಂತೆ ಸುಯ್ಯೆಂದಿತು. ಅಷ್ಟು ದೊಡ್ಡ ಸದ್ದು ಒಂಬತ್ತು ದಿನದ ಹಿಂದೆಯೂ ಅಲ್ಲೇ ಇತ್ತು. ಅದರ ಮೇಲೆ ನಿಂತುಕೊಂಡೇ ನಾನು ಸೊನ್ನೆ ಬರೆದಿದ್ದೆ.

ಅದು ಹೊಲಿಗೆಯವಳ ಮನೆ. ಒಳಗೆ ಅಳುತ್ತಿದ್ದವರು ಬಾಗಿಲಿನಿಂದಲೇ ಕಂಡರು. ಆ ಗೋಡೆ ಮುಟ್ಟುವ ಧೈರ್ಯ ನನಗಾಗಲಿಲ್ಲ. ನೆಲಕ್ಕೆ ಕುಕ್ಕರಿಸಿ ರಸ್ತೆಯ ಮೇಲೆ ದೊಡ್ಡ ಕತ್ತರಿ ಗುರುತು ಎಳೆದೆ. ಚಾವಿಯಣ್ಣ ಓಡಿಹೋಗಿ ವಾಲ್ವ್ ಮುಚ್ಚಿದ.

ಅಗೆಯುವವರು ಒಂದು ಗಂಟೆಗೆ ಬಂದರು. ಮೂರು ಅಡಿ ಆಳದಲ್ಲಿ ಮೋರಿಯ ಕೊಳವೆ ನಮ್ಮ ಕೊಳವೆಯನ್ನು ದಾಟುವ ಕಡೆ ಮಣ್ಣು ಕಪ್ಪಾಗಿ ಕೊಳೆತು ನಾರುತ್ತಿತ್ತು. ನಮ್ಮದರಲ್ಲಿದ್ದ ಬಿರುಕು ಒಂದು ಗೇಣು ಉದ್ದ, ಮಗುವಿನ ಕಿರುಬೆರಳು ತೂರುವಷ್ಟು ಅಗಲ. ನೀರು ಬಿಟ್ಟಾಗ ಅಲ್ಲಿಂದ ಹೊರಗೆ ಚಿಮ್ಮುತ್ತದೆ. ನಿಲ್ಲಿಸಿದಾಗ ಖಾಲಿಯಾಗುವ ಕೊಳವೆ ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದೇ ಲೋಟಕ್ಕೆ ಬರುತ್ತದೆ. ಸಾಹೇಬರು ಬಂದು ಗುಂಡಿಯ ಅಂಚಿನಲ್ಲಿ ನಿಂತರು. ನಾನು ಕೋಲನ್ನು ಅವರ ಕೈಗೆ ಕೊಟ್ಟೆ. ಅವರು ತೆಗೆದುಕೊಂಡರು. ಆ ಸಂಜೆ ಬೀದಿಗೆ ನೀರು ಟ್ಯಾಂಕರಿನಲ್ಲಿ ಬಂತು.

ಮೊಮ್ಮಗಳು ಮೂರನೆಯ ದಿನ ಕಣ್ಣು ಬಿಟ್ಟು, "ಅಜ್ಜೀ, ನೀರು," ಎಂದಳು. ನಾನು ಲೋಟಕ್ಕೆ ಕೈ ಚಾಚಿದೆ. ಸೊಸೆ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಫ್ಲಾಸ್ಕಿನಿಂದ ತಾನೇ ಬಗ್ಗಿಸಿ ಕುಡಿಸಿದಳು. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಗುವನ್ನು ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ಹೊರಟೆ. ಬೀದಿಯುದ್ದಕ್ಕೂ ಉಳಿದಿದ್ದ ಸೊನ್ನೆಗಳನ್ನೆಲ್ಲ ಒರೆಸಿದೆ. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ನಿಂತು ನೋಡಿದರು. ಹೊಲಿಗೆಯವಳ ಗೋಡೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅಂಗಡಿ ತೆರೆದಿತ್ತು. ಅವಳು ಮಿಷನ್ನಿನ ಮುಂದೆ ಕುಳಿತಿದ್ದಳು. ಮಡಿಲಲ್ಲಿ ಸ್ಕೂಲ್ ಯೂನಿಫಾರ್ಮಿನ ಪುಟ್ಟ ಅಂಗಿ, ಒಂದು ತೋಳು ಹಾಕಿತ್ತು, ಇನ್ನೊಂದು ಹಾಕಿರಲಿಲ್ಲ.

ಒದ್ದೆ ಬಟ್ಟೆ ಗೋಡೆಗೆ ತಾಗುವಷ್ಟರಲ್ಲಿ ಅವಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು.

"ಒರೆಸ್ಬೇಡಿ."

"ಒರೆಸ್ತೀನಿ ಬಿಡು ಕಣಮ್ಮ, ಇದನ್ನ ನೋಡಕ್ಕಾಗಲ್ಲ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಅವಳು ನನ್ನ ಎಡಗಿವಿಯ ಹತ್ತಿರ ಬಂದಳು. ಕಿವುಡರ ಹತ್ತಿರ ಮಾತಾಡುವ ಹಾಗೆ, ಸಿಟ್ಟಿಲ್ಲದೆ, ಒಂದೊಂದೇ ಮಾತನ್ನು ಬಿಡಿಸಿ ಗಟ್ಟಿಯಾಗಿ ಹೇಳಿದಳು. "ಅವತ್ತು ಒಲೆ ಮೇಲೆ ನೀರಿಟ್ಟಿದ್ದೆ ಅಮ್ಮಾ. ಆಗ್ಲೇ ಬಿಸಿಯಾಗಿತ್ತು. ನೀವು ಹೇಳಿದ್ರಿ ಅಂತ ಇಳಿಸ್ಬಿಟ್ಟೆ. ಇದು ಇಲ್ಲೇ ಇರ್ಲಿ. ನೀವೂ ನೋಡಿ, ನಾನೂ ನೋಡ್ತೀನಿ."

ಮೂರು ವರ್ಷದಲ್ಲಿ ಯಾರ ಮಾತೂ ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿರಲಿಲ್ಲ. ಅವಳು ಒಳಗೆ ಹೋಗಿ ಅಂಗಿಯ ಇನ್ನೊಂದು ತೋಳನ್ನು ಮಿಷನ್ನಿಗೆ ಕೊಟ್ಟಳು.

ಬಟ್ಟೆ ಹಿಂಡಿಕೊಂಡು ಮನೆಗೆ ಬಂದೆ. ಸೊಸೆ ಒಲೆಯ ಮೇಲೆ ನೀರಿಟ್ಟಿದ್ದಳು. ಅದು ಕುದಿಯುವವರೆಗೂ ನಾನು ಅದರ ಮುಂದೆಯೇ ನಿಂತಿದ್ದೆ.